ಅಳೆದು ಮಾಡುವ ಬೇಸಾಯ: ಕಂಪ್ಲಿ ಸೀಮೆಯ ರೈತರಿಗೆ ಒದಗಿರುವ ಹೊಸ ಉಪಕರಣಗಳು

ವ್ಯವಸಾಯದಲ್ಲಿ ಹೊಸದಾಗಿ ಬಳಕೆಗೆ ಬರುತ್ತಿರುವ ಯಂತ್ರಗಳ ಮಾತು ಈಗ ಎಲ್ಲ ಊರುಗಳಲ್ಲಿಯೂ ಕೇಳಿಬರುತ್ತಿದೆ. ಔಷಧಿಯನ್ನು ಮೇಲಿನಿಂದ ಸಿಂಪಡಿಸುವ ಡ್ರೋನ್, ಬೆಳಕಿನ ಕಿರಣದ ಸಹಾಯದಿಂದ ನೆಲವನ್ನು ಮಟ್ಟಮಾಡುವ ಲೇಸರ್ ಲೆವೆಲರ್, ದೂರದಿಂದಲೇ ತೆರೆದು ಮುಚ್ಚಬಹುದಾದ ಕಾಲುವೆಯ ಗೇಟು, ಬರಲಿರುವ ಮಳೆಯನ್ನು ಲೆಕ್ಕಹಾಕಿ ಮೊಬೈಲಿಗೆ ಸುದ್ದಿ ಕಳುಹಿಸುವ ಗಣಕಯಂತ್ರ, ಇವುಗಳಲ್ಲಿ ಒಂದನ್ನಾದರೂ ಕಾಣದ ಅಥವಾ ಕೇಳದ ರೈತರು ವಿರಳ. ಆದರೆ ಮೆಟ್ರಿಯಂತಹ ಗ್ರಾಮದ ಪ್ರಮುಖರಿಗೆ ಇವುಗಳಲ್ಲಿ ಯಾವುದನ್ನು ಮೊದಲು ಊರಿಗೆ ತರಬೇಕು, ಯಾವುದಕ್ಕೆ ಕೆಲವು ಕಾಲ ಕಾಯಬಹುದು ಎಂಬುದನ್ನು ನಿಶ್ಚಯಿಸುವುದು ಸುಲಭವಲ್ಲ. ಹೊಸತೆಂಬ ಆಶೆಯಿಂದ ಕೊಂಡ ಯಂತ್ರವು ಕೊಟ್ಟಿಗೆಯ ಮೂಲೆ ಸೇರುವುದುಂಟು. ಹೊಸತೆಂಬ ಅಂಜಿಕೆಯಿಂದ ದೂರವಿಟ್ಟ ಉಪಕರಣವೇ ನೆರೆಯೂರಿನ ಗದ್ದೆಯನ್ನು ಉಳಿಸುವುದೂ ಉಂಟು.

ಬಳ್ಳಾರಿ ಜಿಲ್ಲೆಯ ಕಂಪ್ಲಿ ತಾಲ್ಲೂಕಿಗೆ ಸೇರಿದ ಈ ಸೀಮೆಯಲ್ಲಿ ಕಾಲುವೆಯ ನೀರಿನಿಂದ ಬೆಳೆಯುವ ಭತ್ತ, ಕಬ್ಬು, ಬಾಳೆಗಳೂ ಮಳೆಯನ್ನೇ ನಂಬಿದ ಜೋಳ, ಮೆಕ್ಕೆಜೋಳ, ಶೇಂಗಾ ಹೊಲಗಳೂ ಇವೆ. ಈ ಎರಡು ಬಗೆಯ ಭೂಮಿಗೂ ಒಪ್ಪುವ ನಿಯಮವೊಂದುಂಟು: ಅಳೆಯುವ ಉಪಕರಣವು ಮೊದಲು, ದುಡಿಯುವ ಯಂತ್ರವು ಅನಂತರ. ನೆಲದ ಮಟ್ಟ, ನೀರಿನ ಆಳ, ಮಣ್ಣಿನ ಸತ್ತ್ವ, ಮಳೆಯ ದಿನ, ಇವು ತಿಳಿಯದ ಕಡೆಗೆ ಎಷ್ಟು ಬೆಲೆಯ ಯಂತ್ರವು ಬಂದರೂ ಅದು ಹಳೆಯ ತಪ್ಪನ್ನೇ ಬೇಗಬೇಗನೆ ಮಾಡಿಕೊಡುವುದಲ್ಲದೆ ಬೇರೆ ಫಲವಿಲ್ಲ.

ನೀರಿನ ಸ್ಥಿತಿ

ತುಂಗಭದ್ರಾ ಹೊಳೆಗೆ ಅಣೆಗಳನ್ನು ಕಟ್ಟಿ ಕಾಲುವೆಗಳನ್ನು ತೆಗೆಸಿದವರು ವಿಜಯನಗರದ ಅರಸರು. ರಾಯ, ಬಸವಣ್ಣ, ತುರ್ತು, ರಾಮಸಾಗರ, ಕಂಪ್ಲಿ ಮೊದಲಾದ ಆ ಕಾಲುವೆಗಳು ಶತಮಾನಗಳು ಕಳೆದ ಮೇಲೂ ಹೊಸಪೇಟೆ, ಹಂಪಿ, ಕಂಪ್ಲಿಗಳ ಬಯಲನ್ನು ಹಸುರಾಗಿರಿಸಿವೆ. ಈಚಿನ ವರ್ಷಗಳಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಿಂದ ಅವುಗಳ ಆಧುನೀಕರಣವನ್ನೂ ಕೈಕೊಳ್ಳಲಾಯಿತು. ಇವುಗಳ ಜೊತೆಗೆ, ೧೯೪೫ರಲ್ಲಿ ಶಂಕುಸ್ಥಾಪನೆಯಾಗಿ ೧೯೫೩ರಲ್ಲಿ ಕಾಲುವೆಗಳಿಗೆ ನೀರು ಬಿಟ್ಟ ತುಂಗಭದ್ರಾ ಅಣೆಕಟ್ಟು ಸೇರಿತು.

ಆ ಜಲಾಶಯವು ಕಟ್ಟಿದಾಗ ಸುಮಾರು ೧೩೩ ಟಿ.ಎಂ.ಸಿ. ನೀರನ್ನು ಹಿಡಿಯುತ್ತಿತ್ತು. ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಹೊಳೆಯು ತಂದು ಹಾಕಿದ ಹೂಳಿನಿಂದ ಈಗ ಅದರ ಹಿಡಿತವು ಸುಮಾರು ೧೦೫ ಟಿ.ಎಂ.ಸಿ.ಗೆ ಇಳಿದಿದೆ, ಅಂದರೆ ಐದರಲ್ಲಿ ಒಂದು ಪಾಲು ಮಣ್ಣಿನ ಪಾಲಾಗಿದೆ. ಇದಲ್ಲದೆ ೨೦೨೪ನೆಯ ಆಗಸ್ಟ್ ೧೦ರ ರಾತ್ರಿ ೧೯ನೆಯ ಗೇಟಿನ ಸರಪಳಿಯು ತುಂಡಾಗಿ ಗೇಟು ಕೊಚ್ಚಿಹೋಯಿತು. ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಹಲಗೆಗಳನ್ನು ಇಳಿಸಿ ಕಿಂಡಿಯನ್ನು ಮುಚ್ಚುವಷ್ಟರಲ್ಲಿ ಹತ್ತಾರು ಟಿ.ಎಂ.ಸಿ. ನೀರು ಹೊಳೆಯ ಪಾಲಾಯಿತು. ಆ ವರ್ಷ ಮತ್ತೆ ಮಳೆ ಬಂದು ಜಲಾಶಯವು ತುಂಬಿತಾದರೂ, ಗೇಟುಗಳ ಕ್ಷೇಮವನ್ನು ಎಣಿಸಿ ೨೦೨೫ರ ಮುಂಗಾರಿನಲ್ಲಿ ಸಂಗ್ರಹವನ್ನು ಸುಮಾರು ೮೦ ಟಿ.ಎಂ.ಸಿ.ಗೆ ಮಿತಿಗೊಳಿಸಬೇಕಾಯಿತು. ಅಣೆಕಟ್ಟು ಇದೆಯೆಂದ ಮಾತ್ರಕ್ಕೆ ನೀರು ಇದ್ದೇ ಇರುವುದೆಂಬ ನಂಬಿಕೆಯು ಇನ್ನು ಸಾಗದು.

ಕೊರತೆಯು ಬಂದಾಗ ಅದು ಎಲ್ಲರಿಗೂ ಸಮನಾಗಿ ಹಂಚಿಹೋಗುವುದಿಲ್ಲ. ಕಾಲುವೆಯ ಮೇಲ್ಭಾಗದವರಿಗೆ ಮೊಳಕಾಲುದ್ದ ನೀರು ನಿಂತಿರುವಾಗಲೇ ಕೊನೆಯ ಭಾಗದವರ ಪೈರು ತೆನೆ ಬಿಡುವ ಹೊತ್ತಿನಲ್ಲಿ ಒಣಗುವುದು. ತುಂಗಭದ್ರಾ ಯೋಜನೆಯಲ್ಲಿ ಅಚ್ಚುಕಟ್ಟಿನ ಬಹುಭಾಗವನ್ನು ಜೋಳ, ಹತ್ತಿ ಮೊದಲಾದ ಅರೆನೀರಾವರಿ ಬೆಳೆಗಳಿಗೆಂದು ಗೊತ್ತುಮಾಡಿತ್ತು. ಮೇಲ್ಭಾಗದಲ್ಲಿ ಭತ್ತವು ಹಬ್ಬಿದುದರಿಂದ ಈ ಲೆಕ್ಕವು ತಪ್ಪಿತು. ಹೆಚ್ಚು ನೀರುಂಡವರಿಗೂ ಇದರಿಂದ ಕ್ಷೇಮವಾಗಲಿಲ್ಲ. ಎರೆಯ ನೆಲದಲ್ಲಿ ನೀರು ಬಸಿದುಹೋಗದೆ ನಿಂತು, ಅಂತರ್ಜಲವು ಮೇಲೇರಿ, ಉಪ್ಪು ಮೇಲೆ ಬಂದು ಸಾವಿರಾರು ಎಕರೆ ಭೂಮಿಯು ಸವಳಾಯಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರವು ಈ ಸವಳು ನೆಲದ ಸಮಸ್ಯೆಯನ್ನೇ ವಿಶೇಷವಾಗಿ ಅಭ್ಯಾಸ ಮಾಡುತ್ತಿದೆ. ಆದುದರಿಂದ ನೀರನ್ನು ಅಳೆದು ಬಳಸುವುದು ಕೊನೆಯ ಭಾಗದವರಿಗೆ ಮಾಡುವ ದಾನವೆಂದು ಎಣಿಸಬೇಕಾಗಿಲ್ಲ. ಮೇಲ್ಭಾಗದ ಭೂಮಾಲೀಕರು ತಮ್ಮ ಭೂಮಿಯನ್ನು ಉಳಿಸಿಕೊಳ್ಳುವ ದಾರಿಯೂ ಅದೇ.

ಲೇಸರಿನಿಂದ ನೆಲವನ್ನು ಮಟ್ಟಮಾಡುವುದು

ನೋಟಕ್ಕೆ ಸಮವೆಂದು ತೋರುವ ಗದ್ದೆಯಲ್ಲಿ ಮೂರು ಅಂಗುಲದ ಏರುತಗ್ಗು ಇರುವುದು ಸಾಮಾನ್ಯ. ಇದರಿಂದಾಗುವ ನಷ್ಟವನ್ನು ಹೀಗೆ ಎಣಿಸಬಹುದು. ಒಂದು ಕ್ಯೂಸೆಕ್ ನೀರು ಒಂದು ಗಂಟೆ ಹರಿದರೆ ಒಂದು ಎಕರೆಯ ಮೇಲೆ ಸುಮಾರು ಒಂದು ಅಂಗುಲ ನಿಲ್ಲುವುದು. ದಿಬ್ಬದ ಮೇಲೆ ಎರಡು ಅಂಗುಲ ನೀರು ನಿಲ್ಲಬೇಕಾದರೆ ತಗ್ಗಿನಲ್ಲಿ ಐದು ಅಂಗುಲ ನಿಲ್ಲಲೇಬೇಕು. ಸರಾಸರಿ ಮೂರೂವರೆ ಅಂಗುಲವಾಯಿತು. ನೆಲವು ಮಟ್ಟವಾಗಿದ್ದರೆ ಎರಡೇ ಅಂಗುಲ ಸಾಕಾಗುತ್ತಿತ್ತು. ಹೆಚ್ಚಾಗಿ ಹೋದ ಒಂದೂವರೆ ಅಂಗುಲವೆಂದರೆ ಎಕರೆಗೆ ಸುಮಾರು ಒಂದೂವರೆ ಲಕ್ಷ ಲೀಟರ್. ಇಂತಹ ನೂರು ಎಕರೆ ಒಣಗದ್ದೆಗೆ ಒಂದು ಸಲ ನೀರು ಕಟ್ಟುವಾಗ, ಹತ್ತು ಕ್ಯೂಸೆಕ್ ಹರಿಯುವ ಉಪಕಾಲುವೆಯ ಹದಿನೈದು ಗಂಟೆಯ ನೀರು ತಗ್ಗುಗಳನ್ನು ತುಂಬುವುದಕ್ಕೇ ಸಲ್ಲುವುದು.

ಲೇಸರ್ ಲೆವೆಲರಿನ ರಚನೆಯು ಸರಳವಾದುದು. ಹೊಲದ ಅಂಚಿನಲ್ಲಿ ಮುಕ್ಕಾಲಿಯ ಮೇಲೆ ಇರಿಸಿದ ಯಂತ್ರವೊಂದು ಲೇಸರ್ ಕಿರಣವನ್ನು ಸುತ್ತಲೂ ಒಂದೇ ಮಟ್ಟದಲ್ಲಿ ತಿರುಗಿಸುತ್ತಿರುವುದು. ಟ್ರಾಕ್ಟರಿನ ಹಿಂದೆ ಎಳೆಯುವ ಮಣ್ಣು ಹೆರೆಯುವ ತೊಟ್ಟಿಗೆ ಒಂದು ಕಂಬವನ್ನು ನಿಲ್ಲಿಸಿ, ಅದರ ಮೇಲೆ ಕಿರಣವನ್ನು ಗ್ರಹಿಸುವ ಪೆಟ್ಟಿಗೆಯನ್ನು ಇಟ್ಟಿರುತ್ತದೆ. ತೊಟ್ಟಿಯು ದಿಬ್ಬಕ್ಕೆ ಬಂದರೆ ಪೆಟ್ಟಿಗೆಯು ಅದನ್ನು ಅರಿತು ತೊಟ್ಟಿಯನ್ನು ಕೆಳಗಿಳಿಸಿ ಮಣ್ಣು ತುಂಬಿಸುತ್ತದೆ; ತಗ್ಗಿಗೆ ಬಂದರೆ ಮೇಲೆತ್ತಿ ಸುರಿಯುತ್ತದೆ. ಚಾಲಕನ ಕಣ್ಣಂದಾಜು ಇದರಲ್ಲಿ ಸೇರುವುದಿಲ್ಲ. ಹೀಗೆ ಮಾಡಿದ ಗದ್ದೆಯಲ್ಲಿ ಏರುತಗ್ಗು ಎರಡು ಸೆಂಟಿಮೀಟರಿನೊಳಗೆ ಉಳಿಯುವುದು. ಒಂದು ಸಲ ಮಟ್ಟಮಾಡಿದರೆ ಮೂರುನಾಲ್ಕು ವರ್ಷಗಳವರೆಗೆ ದೊಡ್ಡ ಕೆಲಸವಿರುವುದಿಲ್ಲ.

ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದಾಗಿ, ಈ ಕೆಲಸವನ್ನು ನೆಲವು ಒಣಗಿರುವ ಬೇಸಗೆಯಲ್ಲಿ, ಉತ್ತು ಹೆಂಟೆ ಒಡೆದ ಮೇಲೆ ಮಾಡತಕ್ಕದ್ದು. ಎರಡನೆಯದಾಗಿ, ಮೇಲ್ಮಣ್ಣು ತೆಳುವಾಗಿರುವ ಮಸಾರಿ ನೆಲದಲ್ಲಿ ಆಳವಾಗಿ ಹೆರೆದರೆ ಸತ್ತ್ವವಿಲ್ಲದ ಕೆಳಮಣ್ಣು ಮೇಲೆ ಬರುವುದು. ಅಂತಹ ಕಡೆ ಇಡೀ ಹೊಲವನ್ನು ಒಂದೇ ಮಟ್ಟಕ್ಕೆ ತರುವ ಹಟವನ್ನು ಬಿಟ್ಟು ಬದುಗಳ ನಡುವಣ ಮಡಿಗಳನ್ನು ಬೇರೆಬೇರೆಯಾಗಿ ಮಟ್ಟಮಾಡುವುದೂ, ಹೆರೆದ ಜಾಗಕ್ಕೆ ಕೊಟ್ಟಿಗೆ ಗೊಬ್ಬರವನ್ನು ಹೆಚ್ಚಾಗಿ ಕೊಡುವುದೂ ಉಚಿತ. ಯಂತ್ರವನ್ನು ಕೊಳ್ಳಬೇಕೆಂಬ ನಿರ್ಬಂಧವಿಲ್ಲ. ೨೦೧೪-೧೫ರಲ್ಲಿ ರಾಜ್ಯ ಸರ್ಕಾರವು ಆರಂಭಿಸಿದ ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರಗಳ ಉದ್ದೇಶವೇ ರೈತರು ಯಂತ್ರವನ್ನು ಕೊಳ್ಳದೆ ಕೆಲಸ ಪಡೆಯುವುದು.

ಗದ್ದೆಯೊಳಗಣ ಕೊಳವೆ

ನೆಲವು ಮಟ್ಟವಾದ ಮೇಲೆ ಎರಡು ಸುಧಾರಣೆಗಳು ಸಾಧ್ಯವಾಗುತ್ತವೆ. ಒಂದು, ಸಸಿಮಡಿ ಮಾಡಿ, ಕೆಸರು ತುಳಿದು ನಾಟಿಹಾಕುವುದರ ಬದಲಾಗಿ ಭತ್ತವನ್ನು ಕೂರಿಗೆಯಿಂದ ನೇರವಾಗಿ ಬಿತ್ತುವುದು. ಇದರಿಂದ ಕೆಸರುಮಾಡುವ ನೀರೂ ನಾಟಿಯ ಕೂಲಿಯೂ ಉಳಿಯುತ್ತವೆ. ಕಾಲುವೆಗೆ ನೀರು ಬರುವುದು ತಡವಾದರೂ ಮಳೆಯ ಹದದಲ್ಲಿ ಬಿತ್ತಿಕೊಳ್ಳಬಹುದು. ರಾಯಚೂರು ಜಿಲ್ಲೆಯ ಕಾಲುವೆ ಕೊನೆಭಾಗದ ರೈತರು ಈ ಪದ್ಧತಿಯನ್ನು ಬಹುವಾಗಿ ಅವಲಂಬಿಸಿದ್ದಾರೆ. ಕಳೆಯ ಕಾಟವು ಇದರ ದೊಡ್ಡ ತೊಡಕು. ಮೊದಲ ತಿಂಗಳಲ್ಲಿ ಕಳೆಯನ್ನು ಹತೋಟಿಯಲ್ಲಿಡಲಾರದವರು ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು.

ಎರಡನೆಯದು, ನೀರನ್ನು ಸದಾ ನಿಲ್ಲಿಸದೆ ಆರಿಸಿ ಆರಿಸಿ ಕಟ್ಟುವುದು. ಫಿಲಿಪ್ಪೀನ್ಸ್ ದೇಶದಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯು ಇದಕ್ಕಾಗಿ ರೂಢಿಗೆ ತಂದ ಉಪಕರಣವು ಅತ್ಯಂತ ಅಗ್ಗವಾದುದು. ಸುಮಾರು ೩೦ ಸೆಂಟಿಮೀಟರ್ ಉದ್ದದ, ಕೆಳಭಾಗದಲ್ಲಿ ತೂತುಗಳಿರುವ ಒಂದು ಪ್ಲಾಸ್ಟಿಕ್ ಕೊಳವೆಯನ್ನು ಅರ್ಧದಷ್ಟು ನೆಲದೊಳಗೆ ಹೂತು ಒಳಗಿನ ಮಣ್ಣನ್ನು ತೆಗೆದುಬಿಡಬೇಕು. ಕೊಳವೆಯೊಳಗಣ ನೀರು ನೆಲದ ಮಟ್ಟದಿಂದ ೧೫ ಸೆಂಟಿಮೀಟರ್ ಕೆಳಗೆ ಇಳಿಯುವವರೆಗೆ ಬೇರಿಗೆ ನೀರು ಸಿಕ್ಕುತ್ತಿರುವುದು. ಅಲ್ಲಿಯವರೆಗೆ ಗದ್ದೆಗೆ ನೀರು ಬೇಕಾಗಿಲ್ಲ. ಹೂ ಬಿಡುವ ಹೊತ್ತಿಗೆ, ಅದಕ್ಕೆ ಒಂದು ವಾರ ಮೊದಲಿನಿಂದ ಒಂದು ವಾರ ಅನಂತರದವರೆಗೆ, ನೀರು ನಿಂತಿರಬೇಕು. ಹೀಗೆ ಮಾಡಿದರೆ ಇಳುವರಿಯು ಕುಂದದೆ ನೀರಿನಲ್ಲಿ ನೂರಕ್ಕೆ ಮೂವತ್ತರವರೆಗೆ ಉಳಿತಾಯವಾಗಬಹುದೆಂದು ಆ ಸಂಸ್ಥೆಯ ಪ್ರಯೋಗಗಳಿಂದ ಕಂಡುಬಂದಿದೆ. ಎರೆಯ ನೆಲದಲ್ಲಿ ಮಾತ್ರ ಬಿರುಕು ಬಿಡುವಷ್ಟು ಆರಗೊಡಬಾರದು. ಬಿರುಕು ಬಿದ್ದ ಮೇಲೆ ಕಟ್ಟಿದ ನೀರು ಬಿರುಕಿನಲ್ಲಿಯೇ ಇಳಿದುಹೋಗಿ ಉಳಿಸಿದುದೆಲ್ಲ ನಷ್ಟವಾಗುವುದು.

ಕಾಲುವೆಯ ಅಳತೆ

ಗದ್ದೆಯಲ್ಲಿ ಎಷ್ಟು ಉಳಿಸಿದರೂ ತನ್ನ ಸರದಿಗೆ ನೀರು ಬರುವುದೆಂಬ ಭರವಸೆಯಿಲ್ಲದ ರೈತನು ಸಿಕ್ಕಿದಾಗಲೇ ತುಂಬಿಸಿಕೊಳ್ಳುವುದು ಸಹಜ. ಈ ಭರವಸೆಯನ್ನು ಹಿಂದೆ ಕೊಡುತ್ತಿದ್ದವನು ಊರಿನ ನೀರಗಂಟಿ. ಈಗ ಅದೇ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡುವ ಯಂತ್ರವ್ಯವಸ್ಥೆಯು ಕೃಷ್ಣಾ ಕಣಿವೆಯಲ್ಲಿ ಬಂದಿದೆ. ನಾರಾಯಣಪುರ ಎಡದಂಡೆ ಕಾಲುವೆಯ ನವೀಕರಣವು ೨೦೨೩ರ ಜನವರಿ ೧೯ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಲ್ಲಿ ಉದ್ಘಾಟಿತವಾಯಿತು. ಹತ್ತು ಸಾವಿರ ಕ್ಯೂಸೆಕ್ ಹರಿಯಬಲ್ಲ, ನಾಲ್ಕೂವರೆ ಲಕ್ಷ ಹೆಕ್ಟೇರ್ ಅಚ್ಚುಕಟ್ಟಿನ ಆ ಕಾಲುವೆಗೆ ಸ್ಕಾಡಾ ಎಂಬ ವ್ಯವಸ್ಥೆಯನ್ನು ಅಳವಡಿಸಿದೆ. ಗೇಟುಗಳ ಬಳಿ ಇಟ್ಟ ಸಂವೇದಕಗಳು ನೀರಿನ ಎತ್ತರವನ್ನು ಅಳೆದು ನಿಯಂತ್ರಣ ಕೊಠಡಿಗೆ ತಿಳಿಸುತ್ತವೆ; ಅಲ್ಲಿಂದಲೇ ಗೇಟನ್ನು ಏರಿಸಿ ಇಳಿಸಬಹುದು. ಯಾವ ಉಪಕಾಲುವೆಗೆ ಎಷ್ಟು ನೀರು ಹೋಯಿತೆಂಬುದು ಬಾಯಿಮಾತಿನಲ್ಲಿ ಉಳಿಯದೆ ಬರಹದಲ್ಲಿ ನಿಲ್ಲುವುದೇ ಇದರ ಮುಖ್ಯ ಲಾಭ.

ಇದರ ಶಕ್ತಿಗೆ ಮಿತಿಯೂ ಉಂಟು. ಯಂತ್ರದ ಕಣ್ಣು ಗೇಟಿನವರೆಗೆ ಮಾತ್ರ ನೋಡುವುದು. ಹೊಲಗಾಲುವೆಯನ್ನು ರಾತ್ರಿಯಲ್ಲಿ ಒಡೆದವರನ್ನು ಅದು ತಡೆಯಲಾರದು. ಅಲ್ಲಿಂದ ಮುಂದಣ ಕೆಲಸವು ನೀರು ಬಳಕೆದಾರರ ಸಹಕಾರ ಸಂಘದ್ದೂ ಊರಿನ ಹಿರಿಯರದ್ದೂ ಆಗಿದೆ.

ಮಳೆಯನ್ನು ನಂಬಿದ ಹೊಲಗಳು

ಖುಷ್ಕಿ ಹೊಲಕ್ಕೆ ಅಳತೆ ಬೇಕಾಗಿರುವುದು ಎರಡು ವಿಷಯಗಳಲ್ಲಿ: ಮಣ್ಣಿನ ಸತ್ತ್ವ ಮತ್ತು ಬಿತ್ತನೆಯ ದಿನ. ೨೦೦೯ರಲ್ಲಿ ರಾಜ್ಯವು ಹೈದರಾಬಾದಿನ ಸಮೀಪದ ಇಕ್ರಿಸ್ಯಾಟ್ ಸಂಸ್ಥೆಯೊಡನೆ ಆರಂಭಿಸಿದ ಭೂಚೇತನ ಯೋಜನೆಯಲ್ಲಿ ಸಾವಿರಾರು ಹೊಲಗಳ ಮಣ್ಣನ್ನು ಪರೀಕ್ಷಿಸಿದಾಗ, ಗಂಧಕ, ಸತು, ಬೋರಾನುಗಳ ಕೊರತೆಯು ವ್ಯಾಪಕವಾಗಿರುವುದು ತಿಳಿದುಬಂದಿತು. ಬರೀ ಯೂರಿಯಾ ಸುರಿದುದರಿಂದ ಈ ಕೊರತೆಯು ತೀರದು. ಮಣ್ಣಿನ ಪರೀಕ್ಷೆಯು ಯಾವ ಹೊಸ ಯಂತ್ರಕ್ಕೂ ಮೊದಲು ಮಾಡಿಸತಕ್ಕ ಕೆಲಸ.

ಬಿತ್ತನೆಯ ದಿನದ ವಿಷಯದಲ್ಲಿ ನೆರೆಯ ಕರ್ನೂಲು ಜಿಲ್ಲೆಯ ಉದಾಹರಣೆಯೊಂದು ಗಮನಾರ್ಹ. ಅಲ್ಲಿಯ ದೇವನಕೊಂಡ ಮಂಡಲದಲ್ಲಿ ೨೦೧೬ರ ಮುಂಗಾರಿನಲ್ಲಿ ಇಕ್ರಿಸ್ಯಾಟ್ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು ಸೇರಿ, ಹಲವು ವರ್ಷಗಳ ಹವಾಮಾನದ ದಾಖಲೆಗಳನ್ನು ಗಣಕಯಂತ್ರದಿಂದ ಪರಿಶೀಲಿಸಿ, ಶೇಂಗಾ ಬಿತ್ತುವ ವಾರವನ್ನು ೧೭೫ ರೈತರಿಗೆ ಮೊಬೈಲ್ ಸಂದೇಶದ ಮೂಲಕ ತಿಳಿಸಿದುವು. ರೂಢಿಯಂತೆ ಜೂನ್ ಮೊದಲಲ್ಲಿ ಬಿತ್ತದೆ ತಿಂಗಳ ಕೊನೆಯವರೆಗೆ ಕಾದವರಿಗೆ ಸರಾಸರಿ ನೂರಕ್ಕೆ ಮೂವತ್ತರಷ್ಟು ಹೆಚ್ಚು ಇಳುವರಿ ಬಂದಿತೆಂದು ಆ ಸಂಸ್ಥೆಗಳು ಪ್ರಕಟಿಸಿದುವು. ಒಂದು ಹಂಗಾಮಿನ, ಸ್ವಲ್ಪ ಮಂದಿಯ ಪ್ರಯೋಗವಾದುದರಿಂದ ಅದನ್ನು ಎಲ್ಲ ವರ್ಷಗಳಿಗೂ ಪ್ರಮಾಣವೆಂದು ಹಿಡಿಯಲಾಗದು. ಆದರೂ ಮಾರ್ಗವು ಮುಂದುವರಿದಿದೆ: ೨೦೨೫ರ ಮುಂಗಾರಿನಲ್ಲಿ ಭಾರತ ಸರ್ಕಾರದ ಕೃಷಿ ಮಂತ್ರಾಲಯವು ಇಂತಹ ಕೃತಕ ಬುದ್ಧಿಯ ಲೆಕ್ಕದಿಂದ ಪಡೆದ ಮುಂಗಾರಿನ ಮುನ್ಸೂಚನೆಯನ್ನು ೧೩ ರಾಜ್ಯಗಳ ಸುಮಾರು ೩.೮ ಕೋಟಿ ರೈತರಿಗೆ ಸಂದೇಶದ ಮೂಲಕ ಕಳುಹಿಸಿತು. ಕೃತಕ ಬುದ್ಧಿಯೆಂದರೆ ಹಳೆಯ ದಾಖಲೆಗಳಲ್ಲಿ ಅಡಗಿರುವ ಕ್ರಮವನ್ನು ಯಂತ್ರವು ತಾನೇ ಕಲಿತು, ಹೊಸ ಸಂದರ್ಭಕ್ಕೆ ಅನ್ವಯಿಸುವುದು. ಮುನ್ಸೂಚನೆಯು ಸಂಭವವನ್ನು ಹೇಳುವುದೇ ಹೊರತು ಆಣೆಯಿಡುವುದಿಲ್ಲ. ಆದುದರಿಂದ ಅದನ್ನು ನಂಬಿ ಎಲ್ಲ ಹೊಲವನ್ನೂ ಒಂದೇ ದಿನ ಬಿತ್ತದೆ ಎರಡು ಮೂರು ಪಾಲಾಗಿ ಬಿತ್ತುವುದು ವಿವೇಕ.

ಡ್ರೋನಿನ ಗುಣದೋಷಗಳು

ಎಲ್ಲರ ಕಣ್ಣನ್ನೂ ಸೆಳೆಯುವ ಯಂತ್ರವು ಡ್ರೋನ್. ಬೆನ್ನಿನ ಪಂಪಿನಿಂದ ಒಂದು ಎಕರೆಗೆ ಔಷಧಿ ಹೊಡೆಯಲು ನೂರಕ್ಕೂ ಮಿಕ್ಕ ಲೀಟರ್ ನೀರೂ ಕೆಲವು ಗಂಟೆಗಳ ದುಡಿಮೆಯೂ ಬೇಕು. ಡ್ರೋನ್ ಅದನ್ನು ಸುಮಾರು ಹತ್ತು ಲೀಟರ್ ನೀರಿನಲ್ಲಿ, ಹತ್ತು ನಿಮಿಷದೊಳಗೆ ಮುಗಿಸುವುದು. ಕೂಲಿಯವನು ವಿಷದ ಹನಿಯಲ್ಲಿ ನೆನೆಯುವುದು ತಪ್ಪುವುದು ಇದರ ಬಹು ದೊಡ್ಡ ಉಪಕಾರ. ೨೦೨೩ರ ನವೆಂಬರಿನಲ್ಲಿ ಭಾರತ ಸರ್ಕಾರವು ಒಪ್ಪಿದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ ೧೫,೦೦೦ ಮಹಿಳಾ ಸ್ವಸಹಾಯ ಸಂಘಗಳಿಗೆ, ಬೆಲೆಯಲ್ಲಿ ನೂರಕ್ಕೆ ಎಂಬತ್ತರಂತೆ ಎಂಟು ಲಕ್ಷ ರೂಪಾಯಿ ಮೀರದಷ್ಟು ಸಹಾಯಧನದಿಂದ, ಡ್ರೋನುಗಳನ್ನು ಒದಗಿಸಲು ನಿಶ್ಚಯಿಸಿತು.

ಆದರೆ ಹನಿಯು ಸಣ್ಣದಾದುದರಿಂದ ಗಾಳಿಗೆ ಪಕ್ಕದ ಹೊಲಕ್ಕೂ ಕೆರೆಗೂ ತೇಲಿಹೋಗುವುದು, ಗಾಳಿಯಿರುವಾಗ ಹಾರಿಸಬಾರದು. ಭತ್ತಕ್ಕೆ ಬೀಳುವ ಕಂದು ಜಿಗಿಹುಳುವು ಪೈರಿನ ಬುಡದಲ್ಲಿ ಕುಳಿತಿರುವುದರಿಂದ, ದಟ್ಟವಾದ ಪೈರಿನಲ್ಲಿ ಮೇಲಿನಿಂದ ಬಿದ್ದ ಔಷಧಿಯು ಅದನ್ನು ಮುಟ್ಟದೆ ಹೋಗಬಹುದು. ಹುಳು ಇದೆಯೇ, ಎಷ್ಟಿದೆ ಎಂದು ಗದ್ದೆಗೆ ಇಳಿದು ಎಣಿಸದೆ, ಹಾರಿಸುವುದು ಸುಲಭವೆಂದು ವಾರವಾರವೂ ಸಿಂಪಡಿಸಿದರೆ ವಿಷವೂ ಹಣವೂ ವ್ಯರ್ಥ, ಮಿತ್ರಕೀಟಗಳೂ ನಾಶ. ೨೦೨೧ರ ಡ್ರೋನ್ ನಿಯಮಗಳಂತೆ ಹಾರಿಸುವವರು ತರಬೇತಿಯ ಪ್ರಮಾಣಪತ್ರವನ್ನು ಪಡೆದಿರಬೇಕು. ವಿಮಾನ ನಿಲ್ದಾಣಗಳ ಸುತ್ತ ಹಾರಾಟಕ್ಕೆ ಕಟ್ಟುಪಾಡುಗಳಿವೆ. ತೋರಣಗಲ್ಲಿನ ಬಳಿ ವಿಮಾನ ನಿಲ್ದಾಣವಿರುವುದರಿಂದ ಸಂಡೂರು ಮತ್ತು ಹೊಸಪೇಟೆಯ ಕಡೆಯವರು ಸರ್ಕಾರದ ವಾಯುಪ್ರದೇಶ ನಕ್ಷೆಯನ್ನು ನೋಡಿಕೊಂಡು ನಡೆಯತಕ್ಕದ್ದು.

ಮುಂದೆ ಆಗಬಹುದಾದುದು

ಈ ಉಪಕರಣಗಳು ಇಂದು ಬೇರೆಬೇರೆಯಾಗಿ ಕೆಲಸಮಾಡುತ್ತಿವೆ. ಇವು ಒಂದಕ್ಕೊಂದು ಕೂಡಿಕೊಂಡರೆ ಪ್ರಯೋಜನವು ಬಹುಪಾಲು ಹೆಚ್ಚುವುದು. ಗದ್ದೆಯ ಕೊಳವೆಯಲ್ಲಿ ಸಂವೇದಕವನ್ನಿಟ್ಟು ನೀರಿನ ಆಳವನ್ನು ಗೇಟಿನ ಕೊಠಡಿಗೆ ತಿಳಿಸುವುದು, ಉಪಗ್ರಹದ ಚಿತ್ರದಿಂದ ಪೈರಿನ ಬಣ್ಣವನ್ನು ನೋಡಿ ಸೊರಗಿದ ಜಾಗಕ್ಕೆ ಮಾತ್ರ ಗೊಬ್ಬರ ಕೊಡುವುದು, ಡ್ರೋನಿನ ಕ್ಯಾಮರಾ ಕಂಡುಹಿಡಿದ ರೋಗದ ಗುಂಪಿಗೆ ಮಾತ್ರ ಔಷಧಿ ಹೊಡೆಯುವುದು, ಇವೆಲ್ಲವೂ ಪ್ರಯೋಗದ ಹಂತವನ್ನು ದಾಟುತ್ತಿರುವ ವಿಷಯಗಳು. ಇವು ಕಂಪ್ಲಿಯ ಬಯಲಿಗೆ ಬಂದಾಗ ಅವುಗಳ ಲಾಭವು ದೊರೆಯುವುದು ನೆಲವನ್ನು ಮಟ್ಟಮಾಡಿ, ಮಣ್ಣನ್ನು ಪರೀಕ್ಷಿಸಿ, ನೀರಿನ ಲೆಕ್ಕವನ್ನು ಇಟ್ಟಿರುವ ಊರಿಗೆ. ಉಳಿದ ಊರುಗಳು ಯಂತ್ರಕ್ಕೆ ಕೊಡಬೇಕಾದ ಅಂಕಿಗಳೇ ಇಲ್ಲದೆ ನೋಡುತ್ತ ನಿಲ್ಲಬೇಕಾಗುವುದು.

ಗ್ರಾಮ ಪ್ರಮುಖರು ಮಾಡತಕ್ಕ ಕೆಲಸ

೧. ಬೇಸಗೆಯಲ್ಲಿ ಒಂದು ಉಪಕಾಲುವೆಯ ಕೆಳಗಣ ಗದ್ದೆಗಳ ಯಜಮಾನರನ್ನು ಕೂಡಿಸಿ, ಲೇಸರ್ ಲೆವೆಲರನ್ನು ಒಟ್ಟಾಗಿ ಬಾಡಿಗೆಗೆ ತರಿಸುವುದು. ಬದು ಬದುವಿಗೂ ಯಂತ್ರವನ್ನು ಬೇರೆಯಾಗಿ ಕರೆಸಿದರೆ ವೆಚ್ಚವು ಹೆಚ್ಚುವುದು. ಬಡ ರೈತನ ಸಣ್ಣ ಮಡಿಯನ್ನೂ ಆ ಸರದಿಯಲ್ಲಿಯೇ ಸೇರಿಸತಕ್ಕದ್ದು.

೨. ದೊಡ್ಡ ಭೂಮಾಲೀಕರೊಬ್ಬರು ಮೊದಲ ವರ್ಷ ಒಂದೆರಡು ಎಕರೆಯಲ್ಲಿ ಕೊಳವೆಗಳನ್ನು ಹಾಕಿ, ಪಕ್ಕದ ಅಷ್ಟೇ ಗದ್ದೆಯನ್ನು ಹಳೆಯ ರೀತಿಯಲ್ಲಿ ಬಿಟ್ಟು, ಎರಡರ ಇಳುವರಿಯನ್ನೂ ಎಲ್ಲರೆದುರಿಗೆ ತೂಗಿಸುವುದು. ಕಣದಲ್ಲಿ ಕಂಡ ತೂಕವನ್ನು ಊರು ನಂಬುವಂತೆ ಯಾವ ಭಾಷಣವನ್ನೂ ನಂಬದು.

೩. ಪ್ರತಿ ಹೊಲದ ಮಣ್ಣಿನ ಪರೀಕ್ಷೆಯನ್ನು ಮಾಡಿಸಿ, ಆ ಪತ್ರದಂತೆಯೇ ಗೊಬ್ಬರವನ್ನು ತರಿಸುವುದು.

೪. ನೀರು ಬಳಕೆದಾರರ ಸಂಘದ ಸಭೆಯಲ್ಲಿ ಉಪಕಾಲುವೆಗೆ ಬಂದ ನೀರು, ಹರಿದ ಗಂಟೆಗಳು, ಕೊನೆಯ ಗದ್ದೆಗೆ ತಲುಪಿದ ದಿನ, ಇವುಗಳನ್ನು ಒಂದು ಪುಸ್ತಕದಲ್ಲಿ ಬರೆಯಿಸುವುದು.

೫. ಡ್ರೋನನ್ನು ಸ್ವಸಹಾಯ ಸಂಘದಿಂದಾಗಲಿ ಬಾಡಿಗೆ ಕೇಂದ್ರದಿಂದಾಗಲಿ ಅಗತ್ಯವಿದ್ದಾಗ ಮಾತ್ರ, ಹುಳುವನ್ನು ಎಣಿಸಿದ ಮೇಲೆ, ಪ್ರಮಾಣಪತ್ರವುಳ್ಳವರಿಂದ ಹಾರಿಸುವುದು.

ಈ ಐದರಲ್ಲಿ ನಾಲ್ಕಕ್ಕೆ ಬೇಕಾಗುವ ಹಣವು ಸ್ವಲ್ಪ. ಬೇಕಾದುದು ಊರಿನ ಒಮ್ಮತ. ವಿಜಯನಗರದ ಕಾಲುವೆಗಳು ಇಷ್ಟು ಕಾಲ ಬಾಳಿರುವುದು ಕಲ್ಲಿನ ಗಟ್ಟಿತನವೊಂದರಿಂದಲೇ ಅಲ್ಲ. ಪ್ರತಿ ವರ್ಷವೂ ಊರವರು ಹೂಳೆತ್ತಿ, ಸರದಿಯನ್ನು ಒಪ್ಪಿ ನಡೆದುಕೊಂಡುದರಿಂದ. ಕೊನೆಯ ಗದ್ದೆಗೆ ನೀರು ಯಾವ ದಿನ ತಲುಪಿತೆಂಬ ಒಂದು ಸಾಲು ಪುಸ್ತಕದಲ್ಲಿ ತಪ್ಪದೆ ಬೀಳುತ್ತಿರುವ ಊರಿನಲ್ಲಿ ಹೊಸ ಯಂತ್ರಗಳು ನೆಲೆಯೂರುವುದಕ್ಕೆ ಬೇರೆ ಪ್ರಯತ್ನವು ಬೇಕಾಗದು.